ಚುಂಗು ಹರಿದ ಧೋತರ

ಇಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ರಾಯಚೂರಿನ ಅಕ್ಕನ ಮನೆಯ ಅಂಗಳದಲ್ಲಿ ನಾನು, ಅಕ್ಕ, ಭಾವನ ಜೀಪು. ಅಕ್ಕ ಒಳಗಿನಿಂದ ಭಾವನ ಧೋತರ ತಂದಳು. ಅದರ ಒಂದು ಚುಂಗು ಗೇಣುದ್ದ ಹರಿದುಹೋಗಿತ್ತು. ಅವರ ಧೋತರಗಳೆಲ್ಲ ಹಾಗೆಯೇ. ಎಂಜಿನ್ನಿನ ಎಣ್ಣೆ ಫಿಲ್ಟರ್ ಕೊಯ್ದು, ಲೋಹದ ಪುಡಿ ಇದೆಯೇ ಎಂದು ಹರಡಿ ನೋಡಲು ಬಿಳಿ ಬಟ್ಟೆ ಬೇಕೆಂದು ಉಟ್ಟದ್ದನ್ನೇ ಹರಿಯುತ್ತಿದ್ದರು.

ಭಾವ ವಿಮಾನ ಕಲಿಸುವ ಶಾಲೆಯೊಂದರಲ್ಲಿ ಸಣ್ಣ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೂ ಅವರ ಮಾತು ಎಣ್ಣೆ ಫಿಲ್ಟರಿಗೇ ಬಂದು ನಿಲ್ಲುತ್ತಿತ್ತು. "ತಮ್ಮಾ, ಜಾಲಿ ಫಿಲ್ಟರ್ ಅಂದ್ರ ಜರಡಿ. ಲೋಹದ ನುಚ್ಚು ಹಿಡಿತದ, ಹಿಟ್ಟು ಬಿಡ್ತದ. ಕಾಗದದ್ದು ಹಿಟ್ಟೂ ಹಿಡಿತದ. ಎಂಜಿನ್ ಸವೆಯೋದು ಮೊದಲು ಹಿಟ್ಟಿನಾಗೇ ಕಾಣ್ತದ."

ಹಿಂದೊಮ್ಮೆ ನನ್ನ ಮಗಳಿಗೆ ನೋಡಿದ್ದ ವರನ ಮನೆ ನೋಡಲು ಭಾವನ ಜೀಪಿನಲ್ಲೇ ದೇವದುರ್ಗಕ್ಕೆ ಹೋದೆವು. ಹುಡುಗ ವಿಮಾನ ಹಾರಿಸಲು ಕಲಿಯುತ್ತಿದ್ದ. ಭಾವ ಕೇಳಿಯೇಬಿಟ್ಟರು: "ನಿಮ್ಮ ವಿಮಾನಕ್ಕ ಜಾಲಿನೋ, ಕಾಗದದ ಫಿಲ್ಟರೋ?"

ಹುಡುಗ ನಕ್ಕ. "ಅದೆಲ್ಲ ಮೆಕ್ಯಾನಿಕ್ ನೋಡ್ತಾರ್ರಿ."

"ನಾನೂ ನೋಡಿದ್ದೆ ಯಪ್ಪಾ. ಜಾಲಿ ಸ್ವಚ್ಛ ಇತ್ತು, ಸಹಿ ಹಾಕಿದೆ. ಆಕಾಶದಾಗ ಎಂಜಿನ್ ನಿಂತ್ಬಿಡ್ತು. ಹೊಲದಾಗ ಇಳಿಸಿದ ಹುಡುಗನ ಕಾಲು ಹೋತು. ನಿನ್ನಷ್ಟೇ ವಯಸ್ಸು."

ಹುಡುಗನ ತಾಯಿ ಹಿಡಿದಿದ್ದ ತಟ್ಟೆ ಕೆಳಗಿಟ್ಟರು. ತಂದೆ ಎದ್ದು ನಿಂತರು. "ಮನಿ ನೋಡಾಕ ಬಂದೀರೋ, ಅಪಶಕುನ ನುಡಿಯಾಕ ಬಂದೀರೋ?"

ಸಂಬಂಧ ಅಲ್ಲಿಗೇ ಮುರಿಯಿತು. ಮರಳುವಾಗ ಜೀಪು ಕಲ್ಮಲ ದಾಟಿತು. ಆಮೇಲೆ ಅಂದೆ: "ಇನ್ನ ಶುಭಕಾರ್ಯಕ್ಕ ನೀವು ಬರಬ್ಯಾಡ್ರಿ, ಭಾವ."

"ಆತು ತಮ್ಮಾ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

ಮಗಳ ಮದುವೆ ಬೇರೆ ಕಡೆ ಕೂಡಿಬಂದು ಮಾನ್ವಿಯಲ್ಲಿ ನಡೆಯಿತು. ಭಾವ ಮಂಟಪದೊಳಗೆ ಬರಲಿಲ್ಲ. ಬೀಗರ ಬಸ್ಸಿನ ಎಣ್ಣೆ ನೋಡುತ್ತ ಹೊರಗೇ ನಿಂತರು. ನಾನು ಊಟದ ತಟ್ಟೆ ಕಳಿಸಿದೆ, ಕರೆಯಲಿಲ್ಲ. ಮಗಳು ಅಕ್ಷತೆ ಬಿದ್ದ ತಲೆಯಲ್ಲೇ ಹೊರಗೋಡಿ ಅವರ ಕಾಲಿಗೆ ಬಾಗಿದಳು. ಭಾವ ಹಿಂದೆ ಸರಿದರು. "ಕೈ ಎಣ್ಣಿ ಆಗ್ಯಾವ ಬೇ, ದೂರ ನಿಲ್ಲು. ಸೀರಿ ಕೆಡ್ತದ."

ಹೋದ ತಿಂಗಳು ಭಾವ ತೀರಿಕೊಂಡರು. ತಮ್ಮ ತಪ್ಪನ್ನು ಅವರು ಬೀಗರಾಗಬೇಕಾದವರ ಮುಂದೆಯೇ ಹೇಳಿದ್ದರು. ನನ್ನದನ್ನು ನಾನು ಅವರೊಬ್ಬರ ಮುಂದೆಯೂ ಹೇಳಲಿಲ್ಲ.

ಇಂದು ಜೀಪಿನ ಎಣ್ಣೆ ಬದಲಿಸಿದೆ. ಹಳೆಯ ಫಿಲ್ಟರನ್ನು ಅವರ ಕಟ್ಟರಿನಿಂದಲೇ ಕೊಯ್ದೆ. ಗರಗಸ ಹಚ್ಚಿದರೆ ಅದರ ಪುಡಿಯೇ ಒಳಗೆ ಬೀಳುತ್ತದೆ ಎನ್ನುತ್ತಿದ್ದರು. ಅಕ್ಕ ಧೋತರದ ಉಳಿದ ಚುಂಗನ್ನು ಹರಿದು ಹಾಸಿದಳು. ಕಾಗದದ ಮಡಿಕೆಗಳನ್ನು ಅದರ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿದೆ.

"ಏನರ ಕಾಣಾಕತ್ತದೇನೋ?"

"ಇಲ್ಲಕ್ಕಾ."

"ಇನ್ನೊಮ್ಮಿ ನೋಡು. ಅವರು ಎರಡು ಸಲ ನೋಡ್ತಿದ್ರು."

ಇನ್ನೊಮ್ಮೆ ನೋಡಿದೆ. ಆಮೇಲೆ ಹೊಸ ಫಿಲ್ಟರ್ ಬಿಗಿದೆ.