ಸವಳೆಂದು ಬರೆಸಿದ ಬಾವಿ

ನಮ್ಮ ಮನೆಯಲ್ಲೊಂದು ಹಿತ್ತಾಳೆ ತಂಬಿಗಿ ಇದೆ. ಬಾಯಿ ಸೊಟ್ಟಗಾಗಿದ್ದರೂ ಒಳಗೆ ಇಣುಕಿದರೆ ತಳ ಇನ್ನೂ ಹೊಳೆಯುತ್ತದೆ. ನೀವು ನಮ್ಮ ಎರೆಸೀಮೆಯವರಾಗಿದ್ದರೆ ಇದೇನೂ ಸಣ್ಣ ಮಾತಲ್ಲವೆಂದು ತಟ್ಟನೆ ಒಪ್ಪುತ್ತೀರಿ. ಇಲ್ಲಿನ ಬಹುಪಾಲು ಬಾವಿಗಳು ಸವಳು. ಅವುಗಳ ನೀರು ತುಂಬಿದ ಪಾತ್ರೆಗೆ ಬಿಳಿ ಹಿಟ್ಟು ಕಟ್ಟುತ್ತದೆ, ಬೇಳೆ ಎಷ್ಟು ಕುದಿಸಿದರೂ ಮುನಿಸಿಕೊಂಡ ಬೀಗರ ಹಾಗೆ ಬೇರೆಬೇರೆಯಾಗಿಯೇ ಕೂತಿರುತ್ತದೆ. ನಮ್ಮ ಹಿತ್ತಲ ಬಾವಿ ಮಾತ್ರ, ಯಾವ ಹಿರಿಯರ ಪುಣ್ಯವೋ, ಸಕ್ಕರೆಯಂಥ ಸಿಹಿ. ಆದರೂ ಒಂದು ಕಾಲದಲ್ಲಿ ಸರಕಾರದ ದಫ್ತರದೊಳಗೆ ಅದು ಸವಳೇ ಆಗಿತ್ತು!

ನರಗುಂದದಲ್ಲಿ ಇನ್ನೂ ಅರಸರಿದ್ದ ದಿನಗಳವು. ನಮ್ಮ ರೋಣದ ಕಡೆ ಕಂಪನಿ ಸರಕಾರದವರು ಸರಪಳಿ ಹಿಡಿದು ಹೊಲ ಅಳೆಯುತ್ತ, ಬಾವಿಯ ನೀರೆಂಥದೆಂದು ಕೇಳಿ ಬರೆದುಕೊಳ್ಳುತ್ತ ಬಂದರು. ನೀರು ಸಿಹಿಯೆಂದರೆ ತೋಟ, ತೋಟವೆಂದರೆ ಕಂದಾಯ ಏರಿತೆಂದೇ ಅರ್ಥ. ನಮ್ಮಪ್ಪ ದೇವರಂಥ ಮನುಷ್ಯ, ಆದರೆ ಕಂದಾಯದ ಮಾತು ಬಂದರೆ ದೇವರೂ ಸ್ವಲ್ಪ ಅತ್ತ ತಿರುಗಬೇಕು. ಮುಖ ಹುಳ್ಳಗೆ ಮಾಡಿಕೊಂಡು, "ಸವಳ್ರೀ ಸಾಹೇಬ್ರ, ದನಾ ಸುದ್ದಾ ಮೂಸಂಗಿಲ್ಲ" ಅಂದ. ಬಿಸಿಲಿಗೆ ಬಾಯಾರಿದ ಕಾರಕೂನ ಕುಡಿಯಲು ಕೇಳಿದಾಗ ಅವ್ವ ಜಾಣತನದಿಂದ ಮಜ್ಜಿಗೆ ಕೊಟ್ಟಳು. ಪಾಪ, ಅವನು ಮೀಸೆ ಒರೆಸಿಕೊಂಡು, ಸವಳೆಂದು ಬರೆದುಕೊಂಡು ಹೋದ.

ಮುಂದೆ ನನಗೆ ಗಜೇಂದ್ರಗಡದ ಅರಿವೆ ವ್ಯಾಪಾರಿಯೊಬ್ಬರ ಮಗಳನ್ನು ನೋಡಿದರು. ನಾನೂ ನೋಡಿದೆ, ನೋಡಿದಂದಿನಿಂದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಹೊಲವನ್ನಲ್ಲ, ನೀರನ್ನು. ಹುಡುಗಿಯ ಅಪ್ಪ ಬಾಯಿಮಾತು ನಂಬುವವರಲ್ಲ. ತಮ್ಮ ತಾಯಿಯನ್ನೂ ಕರೆದುಕೊಂಡು ಬಂದವರು ಅಪ್ಪನನ್ನೂ ನನ್ನನ್ನೂ ಕೂಡಿಸಿಕೊಂಡು ನೆಟ್ಟಗೆ ಚಾವಡಿಗೆ ಹೋಗಿ, ಊರ ಕುಲಕರ್ಣಿಯಿಂದ ದಫ್ತರ ಓದಿಸಿದರು. "ಸವಳು" ಎಂದು ಕುಲಕರ್ಣಿ ಗಟ್ಟಿಯಾಗಿ ಓದಿದ.

"ನಮ್ಮ ಕೂಸು ಈ ನೀರಾಗ ಹ್ಯಾಂಗ ಬಾಳ್ವಿ ಮಾಡ್ತೈತ್ರೀ?" ಎಂದು ಎದ್ದೇಬಿಟ್ಟರು ಅವರು. ಅಪ್ಪ ಬಾಯಿ ತೆರೆದ, ಕುಲಕರ್ಣಿಯ ಲೇಖಣಿಕೆ ನೋಡಿದ, ಮತ್ತೆ ಮುಚ್ಚಿದ.

ಆಗ ಹುಡುಗಿಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ತೊಗರಿಬೇಳೆ ತೆಗೆದಳು. "ಕಾಗದ ಅತ್ಲಾಗ ಇಡ್ರಿ. ನಡೀರಿ ಇವರ ಮನಿಗೆ" ಎಂದು ಎಲ್ಲರನ್ನೂ ನಮ್ಮ ಮನೆಗೆ ಕರೆತಂದು, "ಒಲಿ ಹಚ್ಚವ್ವಾ, ನಿಮ್ಮ ಬಾವಿ ನೀರಾಗ ಇದನ್ನ ಇಡು" ಎಂದು ನಮ್ಮವ್ವನಿಗೆ ಹೇಳಿದಳು. ಕುಲಕರ್ಣಿಯೂ ಮಜಾ ನೋಡಲು ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಬೇಳೆ ಲಗೂನೆ ಬೆಂದು ಬೆಣ್ಣೆಯಾಯಿತು. ಅಜ್ಜಿ ಬೆರಳಲ್ಲಿ ಹಿಸುಕಿ ತೋರಿಸಿ, "ಇದು ಸವಳ ಏನ್ರೀ?" ಎಂದಳು.

ಎಲ್ಲರೂ ಅಪ್ಪನನ್ನು ನೋಡಿದರು. ಹೌದೆಂದರೆ ಸೊಸೆ ಹೋದಳು, ಅಲ್ಲವೆಂದರೆ ಕಂದಾಯ ಏರಿತು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕುಲಕರ್ಣಿಯತ್ತ ತಿರುಗಿ, "ಸಿಹಿ ಐತ್ರೀ ರಾಯರ, ಖರೇನ ಸಿಹಿ ಐತಿ. ಬರಕೋರಿ" ಅಂದ. ಇಂದಿಗೂ ಅದನ್ನು ನೆನೆದರೆ ನನ್ನ ಕಣ್ಣು ತುಂಬುತ್ತದೆ.

ಗೆಳೆಯರೇ, ಸರಕಾರಿ ದಫ್ತರವನ್ನು ಓದುವುದೆಂದರೆ ಅಕ್ಷರ ಓದುವುದಷ್ಟೇ ಅಲ್ಲ. ಯಾರನ್ನು ಕೇಳಿ ಬರೆದರು, ಕೇಳಿದಾಗ ಅವನಿಗೆ ಯಾವುದರ ಅಂಜಿಕೆ ಇತ್ತು, ಬರೆದವನು ನೀರು ಕುಡಿದನೋ ಮಜ್ಜಿಗೆ ಕುಡಿದನೋ, ಇಷ್ಟನ್ನೂ ಕೂಡಿಸಿ ಓದಬೇಕು. ದಫ್ತರವೇನೂ ಸುಳ್ಳಾಡಿರಲಿಲ್ಲ. ಪಾಪ, ಅದು ನಮ್ಮಪ್ಪನ ಮಾತು ನಂಬಿತ್ತು.

ಕಂದಾಯ ಏರಿತು. ಸೊಸೆಯೂ ಬಂದಳು. ದಿನಾ ನೀರು ಕೊಡುವಾಗ, "ತಗೋರಿ ಮಾವಾರ, ದನಾ ಮೂಸದ ನೀರು" ಎಂದು ಕಾಡುವಳು. ಅಪ್ಪ ನಕ್ಕು ಗಟಗಟ ಕುಡಿಯುವನು.

ಕಡೆಗಾಲಕ್ಕೆ ಅಪ್ಪ ಹಾಸಿಗೆ ಹಿಡಿದಾಗ ಅವನ ಮಾತು ನಿಂತೇಹೋಗಿತ್ತು. ಅವಳು ಇದೇ ತಂಬಿಗಿಯಿಂದ ಒಂದು ಗುಟುಕು ಹಾಕಿದಳು, ಆವತ್ತು ಕಾಡಲಿಲ್ಲ. ಅಪ್ಪ ನುಂಗಿ, ಅವಳನ್ನೇ ನೋಡಿ, ನಿಂತ ಮಾತು ಮರಳಿ ಬಂದವನಂತೆ ತಡವರಿಸದೆ ಅಂದ:

"ಸಿಹಿ ಐತಿ. ಬರಕೋ."