ಹಜ್ವಾನದ ಗುಂಡು ಕಾಯುವ ಮುಕ್ಬಿಲ್

ಬೆಳಗಿನ ನಮಾಜು ಮುಗಿಸಿದ ಮುಕ್ಬಿಲ್ ತನ್ನ ಕಲ್ಲುಮನೆಯ ಕೆಳ ಅಂತಸ್ತಿನ ಕದ ತೆಗೆಯುತ್ತಾನೆ. ಹಿಂದೆ ಇಲ್ಲಿ ಆಡು ಕಟ್ಟುತ್ತಿದ್ದರು. ಈಗ ಮರದ ಹಲಗೆಗಳ ಮೇಲೆ ತಗಡಿನ ಪೆಟ್ಟಿಗೆಗಳಿವೆ. ಕೈಬೆವರು ತಾಗಬಾರದೆಂದು ಅಂಗೈಗೆ ಒಲೆಯ ಬೂದಿ ಉಜ್ಜಿಕೊಂಡು, ಒಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಕಂಬಳಿಯ ಮೇಲೆ ಗುಂಡುಗಳನ್ನು ಸಾಲಾಗಿ ಇಡುತ್ತಾನೆ. ಹಸಿರು ಕಿಲುಬು ಹತ್ತಿದ್ದು ಅವನ ಬೆರಳಿಗೇ ಗೊತ್ತಾಗುತ್ತದೆ, ಅದು ಪಕ್ಕಕ್ಕೆ ಹೋಗುತ್ತದೆ. ಬಿಸಿಲೇರಿದ ಮೇಲೆ ಈ ಕೆಲಸ ಮಾಡುವಂತಿಲ್ಲ. ತಣ್ಣಗಿನ ಹಿತ್ತಾಳೆಗೆ ಬೆಚ್ಚನೆಯ ಗಾಳಿ ಸೋಕಿದರೆ ಮೈಯೆಲ್ಲ ಹನಿಗೂಡುತ್ತದೆ.

"ಏನಪ್ಪಾ ಮುಕ್ಬಿಲ್, ಇನ್ನೂ ಕಾವಿಗೇ ಕೂತಿದೀಯಾ? ಮರಿ ಯಾವಾಗ?" ಹೊಲಕ್ಕೆ ಹೊರಟವನೊಬ್ಬ ಇಣುಕಿ ಕೇಳುತ್ತಾನೆ.

"ನಿನ್ನ ಬಾಯಿಗಿಷ್ಟು ಬೂದಿ ಹಾಕ! ಹೋಗೋ, ಬೆಳಕಿಗೆ ಅಡ್ಡ ನಿಲ್ಬೇಡ."

ಯೆಮೆನ್ನಿನ ಬೆಟ್ಟದೂರಾದ ಈ ಹಜ್ವಾನದಲ್ಲಿ ಬಂದೂಕು ಮನೆಮನೆಗೂ ಇದೆ. ಆದರೆ ವರ್ಷಗಟ್ಟಲೆ ಬಾಳಬೇಕಾದ ಗುಂಡು ಊರೊಟ್ಟಿನದು. ಅದನ್ನು ಸಂತೆಯಲ್ಲಿ ಆರಿಸಿ ಕೊಳ್ಳುವುದು, ಮಳೆಗಾಲ ದಾಟಿಸುವುದು ಎಲ್ಲವೂ ಇವನ ತಲೆಗೆ ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಬಂದೂಕು ಹಿಡಿದವರ ಮೇಲೆ ಊರು ಹಾಡು ಕಟ್ಟುತ್ತದೆ, ಮುಕ್ಬಿಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

"ಫಳಫಳ ಹೊಳೆಯೋದನ್ನ ಮುಟ್ಲೇಬಾರದು," ಎನ್ನುತ್ತಾನೆ. "ಹಳೇದನ್ನ ತಿಕ್ಕಿ ಹೊಸದು ಅಂತ ತಲೆಗೆ ಕಟ್ತಾರೆ. ಮಂಕಾಗಿದ್ರೂ ಒಣಗಿರ್ಬೇಕು, ಅಷ್ಟೇ."

ಈ ಪಾಠ ಬಂದದ್ದು ಅಪ್ಪನ ಸಾವಿನಿಂದ. "ಅಪ್ಪನಿಗೆ ಗುಂಡು ಅಂದ್ರೆ ಮಕ್ಕಳಿದ್ದ ಹಾಗೆ. ಮಕ್ಕಳ ನೆತ್ತಿಗೆ ಹಚ್ಚೋ ಹಾಗೆ ಎಳ್ಳೆಣ್ಣೆ ಸವರಿಟ್ಟ. ಎಣ್ಣೆ ಒಳಗಿಳಿದು ಮದ್ದು ಸತ್ತೋಯ್ತು. ಜಗಳದ ದಿನ ಬಂದೂಕು ಬರೀ ಟಕ್ ಅಂತು. ಎದುರಿಗಿದ್ದವನದ್ದು ಹಾರ್ತು."

ಎದುರಿಗಿದ್ದದ್ದು ಪಕ್ಕದೂರು ಜುಬ್ರಾ. ಹುಲ್ಲುಗಾವಲಿನ ಒಂದು ಇಳಿಜಾರು ಯಾರದೆಂಬ ಆ ಜಗಳ ಇಂದಿಗೂ ಮುಗಿದಿಲ್ಲ. ಹಿರಿಯರು ಮಾಡಿಸಿದ ಸಂಧಿಯ ಗಡುವು ಈ ತಿಂಗಳಿಗೆ ತೀರುತ್ತದೆ. ಈ ಸಲ ಬಂದೂಕು ಹಿಡಿಯುವವರಲ್ಲಿ ಮುಕ್ಬಿಲ್‌ನ ಒಬ್ಬನೇ ಮಗ ನಶ್ವಾನ್ ಕೂಡ ಇದ್ದಾನೆ. ಮಗನ ಹೆಸರೆತ್ತಿದರೆ ಮುಕ್ಬಿಲ್ ಸಾಲಾಗಿಟ್ಟ ಗುಂಡುಗಳನ್ನು ಮತ್ತೆ ಮೊದಲಿಂದ ಎಣಿಸತೊಡಗುತ್ತಾನೆ.

ಜುಬ್ರಾದಲ್ಲೂ ಗುಂಡು ಕಾಯುವವನೊಬ್ಬನಿದ್ದಾನೆ, ಹೆಸರು ಹಿಜಾಮ್. ಇಬ್ಬರೂ ಒಬ್ಬನೇ ಮುದಿ ವ್ಯಾಪಾರಿಯ ಅಂಗಡಿಯಲ್ಲಿ ಈ ಕೆಲಸ ಕಲಿತವರು. ಸಂತೆಯಲ್ಲಿ ಯಾರೂ ಯಾರ ಮೇಲೂ ಕೈಯೆತ್ತುವಂತಿಲ್ಲವಾದ್ದರಿಂದ ಅಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಾರೆ. ಹೋದ ಸಂತೆಯಲ್ಲಿ ಮುಕ್ಬಿಲ್ ಅವನನ್ನು ಒಂದು ಮಾತು ಕೇಳಿದ. ಊರಿಗೆ ಗೊತ್ತಾದರೆ ಅವನ ತಲೆ ಉಳಿಯುವುದಿಲ್ಲ, ದೂರದ ಓದುಗರಿಗಾದರೆ ಬರೆದು ಹೇಳಬಹುದಂತೆ.

"ಹಿಜಾಮ್, ನೀನು ನಿಮ್ಮ ಪೆಟ್ಟಿಗೆಗೆ ಎಣ್ಣೆ ಹುಯ್ಯಿ. ನಾನು ನಮ್ಮದಕ್ಕೆ ಹುಯ್ತೀನಿ. ಒಂದೇ ದಿನ. ಎಲ್ಲಾ ಟಕ್ ಟಕ್ ಅಂದ್ಕೊಂಡು ಮನೆಗೆ ಬರ್ಲಿ."

ಹಿಜಾಮ್ ಲೋಟ ಕೆಳಗಿಟ್ಟ. "ನಾನು ಹುಯ್ತೀನಿ ಅಂತ ನೀನು ನಂಬ್ತೀಯಾ ಅಣ್ಣ?"

ಮುಕ್ಬಿಲ್ ನಂಬುತ್ತಿರಲಿಲ್ಲ. ಲೆಕ್ಕ ಅಲ್ಲಿಗೆ ಮುಗಿಯಿತು. ಇಬ್ಬರೂ ತಮ್ಮ ತಮ್ಮ ಚಹಾ ಕುಡಿದು ಎದ್ದರು.

ಮೆಟ್ಟಿಲಿಳಿದು ನಶ್ವಾನ್ ಬರುತ್ತಾನೆ. ಸೊಂಟದ ಪಟ್ಟಿ ಹೊಸದು.

"ಅಪ್ಪಾ, ನನ್ನ ಪಾಲು?"

"ಆರಿಸಿಟ್ಟಿದೀನಿ, ತಗೋ. ಒದ್ದೆ ಕೈಯಲ್ಲಿ ಮುಟ್ಬೇಡ ಕಣೋ."

ಮಗ ಗುನುಗುತ್ತಾ ಮೇಲೆ ಹೋಗುತ್ತಾನೆ. ಮುಕ್ಬಿಲ್ ಮುಚ್ಚಳ ಬಿಗಿಯುತ್ತಾನೆ.

"ಹಿಜಾಮನೂ ಈಗ ಅವನ ಹುಡುಗರಿಗೆ ಆರಿಸಿ ಕೊಡ್ತಾ ಇರ್ತಾನೆ," ಎನ್ನುತ್ತಾನೆ. "ಅವನ ಕೆಲಸ ನಂಗೆ ಗೊತ್ತು. ಅವನು ಕಾಪಾಡಿದ ಗುಂಡು ಒಂದೂ ಹುಸಿ ಹೋಗಲ್ಲ."