ಮೂರು ಸಲ ಹೇಳಿದರೆ ಬಾಗಿಲು ಬಂದ್

೧೯೯೧ರಲ್ಲಿ ನಾನು ಮುಂಬಯಿಯ ಗೋರೆಗಾಂವ್‌ನ ಒಂದು ಪಂಪ್ ಕಂಪನಿಯಲ್ಲಿ ಸಿಸ್ಟಮ್ಸ್ ಆಫೀಸರ್ ಆಗಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದೇ ಕಂಪ್ಯೂಟರಿಗೆ ಆಫೀಸಿನ ಎಲ್ಲ ಟರ್ಮಿನಲ್‌ಗಳನ್ನು ಜೋಡಿಸಿ, ಒಬ್ಬರು ಟೈಪ್ ಮಾಡಿದ್ದನ್ನು ಎಲ್ಲರೂ ಓದುವಂಥ ಚಾಟ್ ಬೋರ್ಡ್ ಮಾಡಿದ್ದೆವು. ಕೆಲಸಕ್ಕೆಂದು ಮಾಡಿದ ಬೋರ್ಡು ಬೇಗನೆ ವಿರಾರ್ ಲೋಕಲ್ ರೈಲಿನ ಕಿಕ್ಕಿರಿದ ಡಬ್ಬಿಯಂತಾಯಿತು. ಫ್ಯಾನಿಗಾಗಿ ಜಗಳ, ಚಹಾದ ಬಗ್ಗೆ ದೂರು, ಉತ್ತರ ಸಿಗುವವರೆಗೆ ಅದೇ ಪ್ರಶ್ನೆಯ ಸುರಿಮಳೆ.

ತಲೆಚಿಟ್ಟು ಹಿಡಿದು ನಾನೊಂದು ಕಾವಲು ಪ್ರೋಗ್ರಾಂ ಬರೆದೆ. ಒಂದೇ ಸಂದೇಶವನ್ನು ಸತತ ಮೂರು ಸಲ ಕಳಿಸಿದವರನ್ನು ಅದು ತಾನಾಗಿಯೇ ಬೋರ್ಡಿನಿಂದ ಹೊರಹಾಕುತ್ತಿತ್ತು. ಉಳಿದದ್ದು ಪರ್ಮಿಷನ್, ಅಂದರೆ ಯಾರು ಬರೆಯಬಹುದು, ಯಾರು ಅಳಿಸಬಹುದು, ಹೊರಬಿದ್ದವರನ್ನು ಯಾರು ಒಳಗೆ ಕರೆಯಬಹುದು ಎಂಬ ಹಂಚಿಕೆ. ಕೆಲಸ ನೋಡಿ ಕೊಡಬೇಕಾದದ್ದನ್ನು ನಮ್ಮವರು ಕುರ್ಚಿ ನೋಡಿ ಕೇಳಿದರು.

"ಪರ್ಚೇಸ್‌ನವರಿಗೆ ಅಳಿಸುವ ಪವರ್ ಉಂಟಂತೆ, ನಮಗೆ ಯಾಕಿಲ್ಲ ಮೇಡಂ?" ಎಂದು ಅಕೌಂಟ್ಸ್‌ನ ಶೆಟ್ಟರು ಮುನಿಸಿಕೊಂಡರು.

ಜನರಲ್ ಮ್ಯಾನೇಜರ್ ಕುಲಕರ್ಣಿಯವರು ಧಾರವಾಡದ ಕಡೆಯವರು. ಯಾವ ಮಾತನ್ನೂ ಮೂರು ಸಲ ಹೇಳದೆ ಅವರಿಗೆ ಸಮಾಧಾನವಿಲ್ಲ.

"ನೋಡ್ರಿ, ಒಳಗ ಕರಿಯೋ ಅಧಿಕಾರ ನನಗೊಬ್ಬಗ ಇರ್ಲಿ. ನನಗೊಬ್ಬಗ."

"ಸರ್, ಇನ್ನೊಬ್ಬರಿಗೂ ಇರಲಿ. ನನಗಾದರೂ..."

"ನಿಮಗೂ ಬ್ಯಾಡ. ನನಗೊಬ್ಬಗ!"

ಸರಿ, ನನ್ನ ಹೆಸರನ್ನೂ ತೆಗೆದೆ.

ಒಂದು ದಿನ ಕಂಪನಿಯ ಎಂ.ಡಿ. ಬೋರ್ಡನ್ನು ಪರೀಕ್ಷಿಸಲು ಬಂದರು. ಅವರು ಮೆಚ್ಚಿದರೆ ಬೊರಿವಲಿ ಫ್ಯಾಕ್ಟರಿಗೂ ಬೋರ್ಡು, ನನ್ನ ನೌಕರಿಯೂ ಕಾಯಂ. ಕುಲಕರ್ಣಿಯವರು ತಾವೇ ಕುಳಿತು 'ವೆಲ್‌ಕಮ್ ಸರ್' ಎಂದು ಕಳಿಸಿದರು. ಮತ್ತೆ ಕಳಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೂ ಒಮ್ಮೆ.

ಪರದೆಯ ಮೇಲೆ ಮೂಡಿದ್ದನ್ನು ಎಂ.ಡಿ. ಗಟ್ಟಿಯಾಗಿ ಓದಿದರು: 'ಅಶಿಸ್ತಿಗಾಗಿ ನಿಮ್ಮನ್ನು ಹೊರಹಾಕಲಾಗಿದೆ. ವಾಪಸ್ ಬರಲು ಶ್ರೀ ಕುಲಕರ್ಣಿಯವರನ್ನು ಕಾಣಿರಿ.'

ನೌಕರಿ ಹೋಯಿತೆಂದೇ ಎಣಿಸಿದೆ.

"ಕಾಣಿ ಮತ್ತೆ, ಕುಲಕರ್ಣಿ," ಎಂದರು ಎಂ.ಡಿ., ನಗು ತಡೆಯಲಾರದೆ. "ಎಲ್ಲಿದ್ದಾರೆ ಅವರು?"

ಹೊರಬಿದ್ದ ಅವರನ್ನು ಒಳಗೆ ಕರೆಯಬಲ್ಲವರು ಬೇರೆ ಯಾರೂ ಇರಲಿಲ್ಲ. ಹಿಂದಿನ ದಿನದ ಬ್ಯಾಕಪ್ ಟೇಪ್ ಹಾಕಿ ಎಲ್ಲವನ್ನೂ ಮೊದಲಿನಂತೆ ಮಾಡಲು ಮಧ್ಯಾಹ್ನವೆಲ್ಲ ಹಿಡಿಯಿತು. ಅಷ್ಟು ಹೊತ್ತೂ ಕುಲಕರ್ಣಿಯವರು ಪಕ್ಕದ ಸ್ಟೂಲಿನಲ್ಲಿ ಕುಳಿತು ಮೂರು ಕಪ್ ಚಹಾ ಕುಡಿದರು. ಎಂ.ಡಿ. ಒಪ್ಪಿಗೆ ಕೊಟ್ಟರು, ನನ್ನ ನೌಕರಿಯೂ ಕಾಯಂ ಆಯಿತು. ಷರತ್ತು ಒಂದೇ: ಒಳಗೆ ಕರೆಯುವ ಅಧಿಕಾರ ಇಬ್ಬರಿಗಿರಬೇಕು, ಎರಡನೆಯವಳು ನಾನು. ಮುಂದೆ ಎಲ್ಲಿ ಕೆಲಸ ಮಾಡಿದರೂ ಬೀಗದ ಕೈಯನ್ನು ಒಬ್ಬರ ಜೇಬಿನಲ್ಲೇ ಬಿಡಲಿಲ್ಲ, ಆ ಜೇಬು ಎಷ್ಟೇ ದೊಡ್ಡವರದಾಗಿರಲಿ.

ಮರುದಿನ ಬೋರ್ಡಿನಲ್ಲಿ ಕುಲಕರ್ಣಿಯವರ ಸಂದೇಶ ಒಂದೇ ಸಲ ಬಂತು. ಉಳಿದ ಎರಡು ಸಲ ನನ್ನ ಟೇಬಲ್ ಹತ್ತಿರ ಬಂದು ಹೇಳಿ ಹೋದರು.